ಹದಿನೈದನೆಯ ಹೆಸರು

ಸುತ್ತೋಲೆ ಬಂದದ್ದು ಮಾರ್ಚ್ ಕೊನೆಯ ವಾರದಲ್ಲಿ, ಗೋಧಿ ಹಿಟ್ಟಿನ ಮೂಟೆಯ ಜೊತೆಗೆ. ಪೊಸೊ ಎರಾದೊ ಹಳ್ಳಿಗೆ ಅಂಚೆಯವನು ಬರುವ ರೂಢಿಯಿಲ್ಲ. ಕೊಲೋನಿಯಾ ಊರಿನಿಂದ ಯಾವ ಗಾಡಿ ಇತ್ತ ಮುಖ ಮಾಡುತ್ತದೋ ಅದರಲ್ಲೇ ಕಾಗದ ಪತ್ರವೂ ಬರಬೇಕು. ಟೀಚರು ಇರ್ಮಾ ಲೆದೆಸ್ಮಾ ಲಕೋಟೆಗೆ ಮೆತ್ತಿದ ಹಿಟ್ಟು ಕೊಡವಿ, ಶಾಲೆಯ ಜಗಲಿಯಲ್ಲೇ ನಿಂತು ಓದಿದಳು. ಎರಡು ಪುಟ. ಮೊದಲ ಪುಟದ ತುಂಬ ದೇಶಕ್ಕೆ ಬಂದ ಕಷ್ಟದ ವರ್ಣನೆ. ಬ್ಯೂನಸ್ ಐರಿಸ್‌ನಲ್ಲಿ ಬ್ಯಾಂಕುಗಳು ಬಾಗಿಲೆಳೆದುಕೊಂಡು ನಾಲ್ಕು ತಿಂಗಳಾಗಿತ್ತು, ಪೆಸೊ ನೆಲ ಕಚ್ಚಿತ್ತು, ಇದನ್ನೆಲ್ಲ ಇರ್ಮಾಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಜನವರಿಯಿಂದ ಅವಳ ಸಂಬಳದಲ್ಲಿ ಅರ್ಧ ಪೆಸೊ, ಅರ್ಧ ಸರ್ಕಾರ ಅಚ್ಚು ಹಾಕಿದ ಬಾಂಡು ಕಾಗದ. ಅಂಗಡಿಯವನು ಆ ಕಾಗದವನ್ನು ಬೆಳಕಿಗೆ ಹಿಡಿದು, ಮೂಗು ಮುರಿದು, ಸಕ್ಕರೆಗಾದರೆ ಸರಿ, ಎಣ್ಣೆಗೆ ಬೇಡ ಎನ್ನುತ್ತಿದ್ದ.

ವಿಷಯ ಇದ್ದದ್ದು ಎರಡನೆಯ ಪುಟದ ಕೊನೆಯಲ್ಲಿ. ಏಪ್ರಿಲ್ ಮೂವತ್ತನೆಯ ತಾರೀಖು ಹಾಜರಿ ಪುಸ್ತಕದಲ್ಲಿ ಹದಿನೈದು ಮಕ್ಕಳಿಲ್ಲದ ಹಳ್ಳಿ ಶಾಲೆಗಳನ್ನು ಹತ್ತಿರದ ದೊಡ್ಡ ಶಾಲೆಗೆ ಸೇರಿಸಲಾಗುವುದು. ಉಳಿದುಕೊಂಡ ಶಾಲೆಗಳನ್ನು ನವೆಂಬರಿನಲ್ಲಿ ಮತ್ತೊಮ್ಮೆ ಎಣಿಸಲಾಗುವುದು. ಖರ್ಚು ಕಡಿಮೆ ಮಾಡುವುದು ಎಂದು ಎಲ್ಲೂ ಬರೆದಿರಲಿಲ್ಲ. 'ಸಂಪನ್ಮೂಲಗಳ ಮರುಹೊಂದಾಣಿಕೆ' ಎಂದು ಬರೆದಿತ್ತು. ಇಂಥ ಮಾತು ಕಟ್ಟುವವರಿಗೆ ಮಾತ್ರ ಸಂಬಳ ಪೂರ್ತಿ ಪೆಸೊದಲ್ಲೇ ಬರುತ್ತಿರಬೇಕು ಎಂದು ಇರ್ಮಾಗೆ ಅನ್ನಿಸಿತು.

ಹತ್ತಿರದ ದೊಡ್ಡ ಶಾಲೆ ಎಂದರೆ ಕೊಲೋನಿಯಾದ್ದು. ಹದಿನೆಂಟು ಕಿಲೋಮೀಟರು, ಮುಳ್ಳುಕಾಡಿನ ನಡುವೆ ಮಣ್ಣಿನ ದಾರಿ, ಬಸ್ಸು ಮೊದಲಿನಿಂದಲೂ ಇಲ್ಲ. ದೊಡ್ಡ ಹುಡುಗರು ಹೇಸರಗತ್ತೆ ಏರಿ ಹೋದಾರು. ಉಳಿದವರು ಮನೆಯಲ್ಲಿ ಉಳಿಯುತ್ತಾರೆ. ಒಂದು ವರ್ಷ ಉಳಿದವರು ಆಮೇಲೆ ಎಂದೂ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ. ಇದು ಇರ್ಮಾಗೆ ಊಹೆಯಲ್ಲ, ಇಪ್ಪತ್ತೆರಡು ವರ್ಷ ಕಣ್ಣಾರೆ ಕಂಡದ್ದು.

ಅವಳು ಒಳಗೆ ಹೋಗಿ ಹಾಜರಿ ಪುಸ್ತಕ ತೆಗೆದಳು. ಎಣಿಸಬೇಕಾಗಿರಲಿಲ್ಲ, ಆದರೂ ಎಣಿಸಿದಳು. ಸರಿಯಾಗಿ ಹದಿನೈದು.

"ಏನಂತೆ ಸರ್ಕಾರದ್ದು?" ಅಡಿಗೆಮನೆಯಿಂದ ದೋನ್ಯಾ ಸೆಫೆರಿನಾ ಕೂಗಿದಳು. ಶಾಲೆಯ ಬಿಸಿಯೂಟ, ನೆಲ ಗುಡಿಸುವುದು, ಗಂಟೆ ಹೊಡೆಯುವುದು ಎಲ್ಲ ಅವಳದೇ. ಮೂರು ಕೆಲಸಕ್ಕೆ ಒಂದು ಸಂಬಳ, ಅದೂ ಬಂದಾಗ ಬಂತು.

"ಹದಿನೈದು ಮಕ್ಕಳಿದ್ರೆ ಶಾಲೆ ಇರುತ್ತೆ. ಇಲ್ದಿದ್ರೆ ಇಲ್ಲ."

"ಇದಾರಲ್ಲ ಹದಿನೈದು."

"ಇದಾರೆ. ಒಂದು ಹೆಚ್ಚಿಲ್ಲ ಒಂದು ಕಮ್ಮಿ ಇಲ್ಲ."

"ಹಂಗಾದ್ರೆ ತಿಂಗಳ ಕೊನೇವರೆಗೂ ಯಾವ ಮಗೂಗೂ ಕೆಮ್ಮೂ ಬರಬಾರ್ದು ಅಂತ ಮೇಣದಬತ್ತಿ ಹಚ್ತೀನಿ," ಎಂದು ಸೆಫೆರಿನಾ ಹಿಟ್ಟಿನ ಮೂಟೆಯನ್ನು ಸೊಂಟಕ್ಕೆ ಏರಿಸಿದಳು. "ಮೇಣದಬತ್ತಿಗೂ ಆ ಬಾಂಡು ಕಾಗದ ತಗೋತಾರಾ ಕೇಳ್ಬೇಕು."

ಏಪ್ರಿಲ್ ಮೊದಲ ಭಾನುವಾರ ಪೋಷಕರ ಸಂಘ ಸೇರಿತು. ಸರ್ಕಾರದ ಶಾಲೆ ಎಂದು ಹೆಸರಿಗೆ ಹೇಳುವುದು. ಸೀಮೆಸುಣ್ಣ, ಗಾಜು, ಬಾವಿಯ ಹಗ್ಗ, ಬಾಗಿಲ ಚಿಲಕ, ಇವೆಲ್ಲ ಬರುವುದು ಸಂಘದಿಂದ. ಸಂಘಕ್ಕೆ ದುಡ್ಡು ಬರುವುದು ಎಂಪನಾದ ಎಂಬ ಕಡುಬು ಕರಿದು ಮಾರಿ, ಕೋಳಿಯ ಲಾಟರಿ ಎತ್ತಿ. ಒಳ್ಳೆಯ ಕಾಲದಲ್ಲೂ ಹಾಗೆಯೇ ಇತ್ತು. ಕೆಟ್ಟ ಕಾಲದಲ್ಲಿ ಆದ ವ್ಯತ್ಯಾಸ ಇಷ್ಟೇ: ಲಾಟರಿ ಚೀಟಿ ಕೊಳ್ಳಲು ಯಾರ ಬಳಿಯೂ ಚಿಲ್ಲರೆ ಇರಲಿಲ್ಲ, ಹಾಗಾಗಿ ಕೋಳಿ ಬೆಳೆದು ಮುದಿಯಾಗುತ್ತಿತ್ತು.

ಇರ್ಮಾ ಸುತ್ತೋಲೆಯನ್ನು ಓದಿ ಹೇಳಿದಳು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು.

"ನನ್ನನ್ನ ಸೇರಿಸ್ಕೊಂಬಿಡು ಸೆನ್ಯೊ," ಎಂದ ದೋನ್ ಉಬಾಲ್ದೊ. ಅವನಿಗೆ ಎಪ್ಪತ್ತೊಂದು. ಊರಿನಲ್ಲಿ ಟೀಚರನ್ನು ಮೂರು ವರ್ಷದ ಮಗುವಿನಿಂದ ಹಿಡಿದು ಮುದುಕರ ತನಕ ಕರೆಯುವುದು ಸೆನ್ಯೊ ಎಂದೇ. "ಮೂರನೇ ಕ್ಲಾಸಿಗೆ ಬಿಟ್ಟಿದ್ದೀನಿ. ನಾಲ್ಕಕ್ಕೆ ಬರೋಕೆ ನಾನು ರೆಡಿ."

"ಮೂರು ಯಾವಾಗ ಪಾಸಾದೆ ನೀನು?" ಎಂದಳು ಅವನ ಹೆಂಡತಿ. "ಎರಡರಲ್ಲೇ ಓಡಿ ಬಂದೋನು."

"ನಮ್ಮ ಚಿಕ್ಕೋಳಿಗೆ ನಾಲ್ಕು ತುಂಬಿದೆ, ನೋಡೋಕೆ ಆರರ ಥರ ಇದಾಳೆ," ಎಂದ ಒಬ್ಬ.

"ಜನನ ಪತ್ರದಲ್ಲೂ ಆರರ ಥರ ಇದಾಳಾ?" ಎಂದು ಇರ್ಮಾ ಕೇಳಿದಳು. ಎಲ್ಲರೂ ನಕ್ಕರು. ನಗು ಬೇಗ ಮುಗಿಯಿತು.

ಹಿಂದಿನ ಬೆಂಚಿನಲ್ಲಿ ದೆಲ್ಫಿನಾ ಕೂತಿದ್ದಳು. ಅವಳು ನಗಲಿಲ್ಲ. ಹದಿನೈದರಲ್ಲಿ ಮೂವರು ಅವಳ ಮಕ್ಕಳು: ಏಳನೆಯ ತರಗತಿಯ ಯಾನಿನಾ, ಅವಳ ತಮ್ಮಂದಿರಾದ ಎಲ್ವಿಯೊ ಮತ್ತು ತಿತೊ. ದೆಲ್ಫಿನಾಳ ಗಂಡ ರುಫಿನೊ ಆಗಲೇ ತುಕುಮಾನಿನ ನಿಂಬೆ ತೋಟಗಳಿಗೆ ಹೋಗಿ ಎರಡು ವಾರವಾಗಿತ್ತು. ಪ್ರತಿವರ್ಷವೂ ಕುಟುಂಬ ಅವನ ಹಿಂದೆ ಹೋಗುತ್ತದೆ. ಅವರೊಬ್ಬರೇ ಅಲ್ಲ, ಊರಿನ ಅರ್ಧಕ್ಕರ್ಧ ಮನೆಗಳು ಮೇ ತಿಂಗಳಲ್ಲಿ ಶುರುವಾಗುವ ಚಳಿಗಾಲಕ್ಕೆ ನಿಂಬೆ ಕೀಳಲು ಹೋಗಿ ಸೆಪ್ಟೆಂಬರಿನ ವಸಂತಕ್ಕೆ ಮರಳುತ್ತವೆ. ಅಂಥವರನ್ನು ಈ ಕಡೆ ವಲಸೆ ಹಕ್ಕಿಗಳು ಎನ್ನುತ್ತಾರೆ. ಹಕ್ಕಿಗಳಾದರೆ ಮೇಸ್ತ್ರಿಯ ಬಸ್ಸಿಗೆ ಕಾಯಬೇಕಾಗಿರಲಿಲ್ಲ.

ಇರ್ಮಾ ಈ ಊರಿಗೆ ಬಂದ ಹೊಸದರಲ್ಲಿ ಹಕ್ಕಿಗಳ ಮಕ್ಕಳು ಹೇಳದೆ ಕೇಳದೆ ಮಾಯವಾಗುತ್ತಿದ್ದರು. ಇಲ್ಲಿನ ಪುಸ್ತಕದಲ್ಲಿ ಹೆಸರು ಇರುತ್ತಿತ್ತು, ಅಲ್ಲಿನ ಶಾಲೆ ಸೇರಿಸಿಕೊಳ್ಳುತ್ತಿರಲಿಲ್ಲ, ಮಗು ಅತ್ತಲೂ ಇಲ್ಲ ಇತ್ತಲೂ ಇಲ್ಲ. ವರ್ಗಾವಣೆ ಚೀಟಿ ತೆಗೆದುಕೊಂಡು ಹೋದರೆ ಅಲ್ಲಿ ಬೆಂಚೂ ಸಿಗುತ್ತದೆ, ತಟ್ಟೆಯೂ ಸಿಗುತ್ತದೆ ಎಂದು ತಿಳಿಸಿಹೇಳಲು ಅವಳಿಗೆ ವರ್ಷಗಳು ಹಿಡಿದವು. ಕೊನೆಗೆ ಅವಳು ಒಂದು ಉಪಾಯ ಮಾಡಿದಳು. ಪ್ರತಿ ಮಗುವಿನ ನೋಟುಬುಕ್ಕಿನ ಮೊದಲ ಪುಟದಲ್ಲಿ, ಹೆಸರು ತಾರೀಖಿಗಿಂತ ಮುಂಚೆ, ಒಂದು ಸಾಲು ಬರೆಸಿದಳು: 'ಚೀಟಿ ಇಲ್ಲದೆ ಊರು ಬಿಡುವುದಿಲ್ಲ.' ದೆಲ್ಫಿನಾ ಹತ್ತು ವರ್ಷದ ಹುಡುಗಿಯಾಗಿದ್ದಾಗ ಅದನ್ನು ಬರೆದವಳು. ಈಗ ಅವಳ ಮಕ್ಕಳೂ ಬರೆಯುತ್ತಿದ್ದರು. ಹತ್ತು ವರ್ಷದಿಂದ ಪೊಸೊ ಎರಾದೊದ ಒಂದು ಮಗುವೂ ನಿಂಬೆಗಾಗಿ ವರ್ಷ ಕಳೆದುಕೊಂಡಿರಲಿಲ್ಲ. ಇರ್ಮಾ ಬಾಯಿ ಬಿಟ್ಟು ಹೇಳಿಕೊಳ್ಳುವವಳಲ್ಲ, ಆದರೆ ಬದುಕಿನಲ್ಲಿ ತಾನು ಮಾಡಿದ್ದು ಏನಾದರೂ ಇದ್ದರೆ ಇದೇ ಎಂದು ಅವಳಿಗೆ ಗೊತ್ತಿತ್ತು.

ಹಿಂದೆಲ್ಲ ಚಳಿಗಾಲದಲ್ಲಿ ಶಾಲೆಯಲ್ಲಿ ಏಳೆಂಟೇ ಮಕ್ಕಳು ಉಳಿದರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ವರ್ಷಕ್ಕೊಮ್ಮೆ ಸರಾಸರಿ ತೆಗೆದು ಊಟದ ದುಡ್ಡು ಕಳಿಸುತ್ತಿದ್ದರು. ಈಗ ಒಂದೇ ದಿನದ ಎಣಿಕೆ.

ಮರುವಾರ ಇನ್ಸ್‌ಪೆಕ್ಟರ್ ಮಿರ್ತಾ ಬಂದಳು. ಅವಳ ಕೈಕೆಳಗೆ ನಲವತ್ತು ಶಾಲೆಗಳು, ಜೀಪಿಗೆ ತಿಂಗಳಿಗೆ ಒಂದು ಟ್ಯಾಂಕು ಪೆಟ್ರೋಲು. ಪಡಸಾಲೆಯಲ್ಲಿ ಕೂತು ಬೂಟು ಬಿಚ್ಚಿ, ಸೆಫೆರಿನಾ ಕೊಟ್ಟ ಮಾಟೆ ಕಷಾಯವನ್ನು ನಳಿಕೆಯಿಂದ ಹೀರುತ್ತ ಅವಳು ಹಾಜರಿ ಪುಸ್ತಕ ತಿರುವಿದಳು.

"ದೆಲ್ಫಿನಾ ಮಕ್ಕಳು ಯಾವಾಗ ಹೊರಡ್ತಾರೆ?"

"ಮೇಸ್ತ್ರಿ ಬಸ್ಸು ಎರಡು ಸಲ ಬರುತ್ತೆ. ಇಪ್ಪತ್ತೆಂಟಕ್ಕೆ ಒಂದು, ಮೇ ಹತ್ತಕ್ಕೆ ಒಂದು. ಉಳಿದೋರೆಲ್ಲ ಎರಡನೇದ್ರಲ್ಲಿ ಹೋಗ್ತಾರೆ. ಇವರು ಮಾತ್ರ ಮೊದಲನೇದು."

ಮಿರ್ತಾ ಪುಸ್ತಕ ಮುಚ್ಚಿದಳು. "ನೋಡು ಇರ್ಮಾ, ನಾನು ಎಣಿಸೋದು ಪುಸ್ತಕದಲ್ಲಿರೋ ಹೆಸರನ್ನ. ಬೆಂಚಲ್ಲಿರೋ ತಲೆಯನ್ನಲ್ಲ. ಚೀಟಿ ಕೊಟ್ರೆ ಹೆಸರು ಹೋಯ್ತು. ಕೊಡದಿದ್ರೆ ಹೆಸರು ಇಲ್ಲೇ. ಮೇ ಎರಡಕ್ಕೆ ನೀನು ಚೀಟಿ ಬರೆದ್ರೆ ಯಾರಪ್ಪನೂ ಕೇಳಲ್ಲ."

"ಇದನ್ನ ನೀನು ಹೇಳ್ತಿದೀಯೋ, ಇನ್ಸ್‌ಪೆಕ್ಟರ್ ಹೇಳ್ತಿದಾರೋ?"

"ಇನ್ಸ್‌ಪೆಕ್ಟರ್ ಬೂಟು ಹಾಕ್ಕೊಂಡಿರ್ತಾಳೆ," ಎಂದಳು ಮಿರ್ತಾ, ಬರಿಗಾಲು ಆಡಿಸುತ್ತ. ಆಮೇಲೆ ದನಿ ತಗ್ಗಿಸಿದಳು. "ನನ್ನ ಪಟ್ಟಿಯಲ್ಲಿ ಹನ್ನೊಂದು ಶಾಲೆ ಹೋಗ್ತಿದಾವೆ. ಹನ್ನೆರಡನೇದು ಹೊತ್ಕೊಂಡು ಹೋಗೋಕೆ ನನಗೂ ಆಗಲ್ಲ ಕಣೇ."

ಇಪ್ಪತ್ತಾರು, ಶುಕ್ರವಾರ. ಶಾಲೆ ಬಿಟ್ಟ ಮೇಲೆ ದೆಲ್ಫಿನಾ ಬಂದಳು. ತಲೆ ಬಾಚಿ, ಒಗೆದ ಲಂಗ ಉಟ್ಟಿದ್ದಳು, ಕಚೇರಿಗೆ ಹೋಗುವಾಗ ಉಡುವಂಥದು. ಹಿಂದೆ ಯಾನಿನಾ, ಅವಳ ಹಿಂದೆ ತಮ್ಮಂದಿರು. ಇರ್ಮಾ ಅವರನ್ನು ಬಾಗಿಲಲ್ಲೇ ನೋಡಿದಳು. ಹತ್ತು ದಿನದಿಂದ ಈ ಹೊತ್ತಿಗಾಗಿ ಮಾತು ಜೋಡಿಸುತ್ತಿದ್ದಳು, ಒಂದೂ ಜೋಡಣೆಯಾಗಿರಲಿಲ್ಲ.

"ಚೀಟಿ ತಗೊಂಡು ಹೋಗೋಣ ಅಂತ ಬಂದೆ ಸೆನ್ಯೊ. ಭಾನುವಾರ ಬಸ್ಸು," ಎಂದಳು ದೆಲ್ಫಿನಾ.

"ಎರಡನೇ ಬಸ್ಸಿಗೆ ಹೋಗೋಕಾಗಲ್ವಾ?"

"ರುಫಿನೊ ನಮ್ಮ ಹೆಸ್ರು ಮೊದಲನೇದಕ್ಕೆ ಬರೆಸಿಬಿಟ್ಟಿದಾನೆ. ಮೊದಲು ಹೋದೋರಿಗೆ ತಗಡಿನ ಕೋಣೆ ಸಿಗುತ್ತೆ. ಆಮೇಲೆ ಬಂದೋರಿಗೆ ಪ್ಲಾಸ್ಟಿಕ್ ಹಾಳೆ ಕೊಡ್ತಾರೆ, ಮರದ ಕೆಳಗೆ ಕಟ್ಕೊಳಿ ಅಂತಾರೆ. ಹೋದ ಸಲ ತಿತೊಗೆ ಎದೆ ಕಟ್ಟಿತ್ತಲ್ಲ."

ಇರ್ಮಾ ಮೇಜಿನ ಖಾನೆ ತೆರೆದಳು. ಚೀಟಿಯ ಪುಸ್ತಕ ಅಲ್ಲೇ ಇತ್ತು. ಅವಳು ಖಾನೆಯನ್ನು ಮತ್ತೆ ಮುಚ್ಚಿದಳು. ಮುಚ್ಚಿದ ಮೇಲೆ ಮಾತು ಸುಲಭವಾಯಿತು, ಅದೇ ಅವಳಿಗೆ ನಾಚಿಕೆ ತಂದದ್ದು.

"ದೆಲ್ಫಿನಾ, ಈಗ ನಾನು ಮೂರು ಚೀಟಿ ಬರೆದ್ರೆ ಪುಸ್ತಕದಲ್ಲಿ ಹನ್ನೆರಡು ಉಳಿಯುತ್ತೆ. ಮಂಗಳವಾರ ಎಣಿಕೆ. ನೀನು ಮೀಟಿಂಗಿನಲ್ಲಿ ಇದ್ದೆ."

"ಇದ್ದೆ ಸೆನ್ಯೊ."

"ಚೀಟಿ ಇಲ್ದೆ ಹೋಗಿ. ಮೇ ಎರಡಕ್ಕೆ ಬರೆದು, ಹತ್ತನೇ ತಾರೀಖಿನ ಬಸ್ಸಲ್ಲಿ ಸೆಫೆರಿನಾ ಮಗಳು ಓಲ್ಗಾ ಕೈಲಿ ಕಳಿಸ್ತೀನಿ. ಹನ್ನೆರಡೇ ದಿನ. ಅಲ್ಲಿ ಟೀಚರಿಗೆ ಹೇಳಿ, ಚೀಟಿ ಬರ್ತಾ ಇದೆ ಅಂತ."

ದೆಲ್ಫಿನಾ ಒಂದು ಮಾತೂ ಎದುರಾಡಲಿಲ್ಲ. ಇರ್ಮಾ ಅವಳು ಜಗಳವಾಡಲಿ ಎಂದು ಕಾಯುತ್ತಿದ್ದಳು. ಜಗಳವಾಡಿದ್ದರೆ ಬಹುಶಃ ಖಾನೆ ಮತ್ತೆ ತೆರೆಯುತ್ತಿದ್ದಳು.

"ನೀವು ಹೇಳಿದ ಹಾಗೇ ಆಗ್ಲಿ ಸೆನ್ಯೊ," ಎಂದಳು ದೆಲ್ಫಿನಾ.

"ಚೀಟಿ ಇಲ್ದೆನಾ?" ಎಂದಳು ಯಾನಿನಾ.

ಹನ್ನೆರಡು ವರ್ಷದ ಹುಡುಗಿ, ತೆಳ್ಳಗೆ ಉದ್ದಕ್ಕೆ, ಶಾಲೆಯ ಬಿಳಿ ಕೋಟಿನ ತೋಳು ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲೆ ನಿಂತಿತ್ತು. ಶಾಲೆಯಲ್ಲಿ ಬಾವುಟ ಹಿಡಿಯುವವಳು ಅವಳೇ. ಆ ಮರ್ಯಾದೆ ಮೊದಲನೆಯ ಸ್ಥಾನದಲ್ಲಿರುವ ಮಗುವಿನದು. ಪಟ್ಟಣದಲ್ಲಿ ಹಳ್ಳಿ ಮಕ್ಕಳಿಗಾಗಿ ಒಂದು ವಸತಿ ಪ್ರೌಢಶಾಲೆಯಿತ್ತು. ನವೆಂಬರಿನಲ್ಲಿ ಅದರ ಪರೀಕ್ಷೆ. ಪೊಸೊ ಎರಾದೊದಿಂದ ಇದುವರೆಗೆ ಯಾರೂ ಹೋಗಿರಲಿಲ್ಲ, ಈ ಸಲ ಹೋಗುತ್ತಾಳೆ ಎಂದು ಇರ್ಮಾ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದಳು.

"ಸೆನ್ಯೊ, ನಾವು ಬರೆದಿದೀವಲ್ಲ? ಚೀಟಿ ಇಲ್ದೆ—"

"ಯಾನಿನಾ," ಎಂದಳು ತಾಯಿ.

"ಇಲ್ಲ, ಕೇಳ್ಲಿ ಬಿಡು," ಎಂದಳು ಇರ್ಮಾ. "ಇದೊಂದು ಸಲ ಕಣೇ. ಶಾಲೆಗೋಸ್ಕರ. ನೀವು ವಾಪಸ್ ಬರುವಾಗ ಶಾಲೆ ಇರಬೇಕಲ್ಲ?"

ಯಾನಿನಾ ಸ್ವಲ್ಪ ಯೋಚಿಸಿದಳು. ಲೆಕ್ಕ ಬಿಡಿಸುವಾಗ ಮಾಡುವಂತೆ ಕೆಳದುಟಿ ಕಚ್ಚಿಕೊಂಡಳು. "ಇರ್ಬೇಕು," ಎಂದಳು. ಆಮೇಲೆ ಮೂವರೂ ಇರ್ಮಾಳ ಕೆನ್ನೆಗೆ ಮುತ್ತು ಕೊಟ್ಟು ಹೋದರು.

ಮೂವತ್ತಕ್ಕೆ ಮಿರ್ತಾ ಬೂಟು ಹಾಕಿಕೊಂಡೇ ಬಂದಳು. ಬೆಂಚುಗಳಲ್ಲಿ ಹನ್ನೆರಡು ಮಕ್ಕಳು, ಪುಸ್ತಕದಲ್ಲಿ ಹದಿನೈದು ಹೆಸರು.

"ಮೂವರು?"

"ಜ್ವರ," ಎಂದಳು ಇರ್ಮಾ.

ಮೊದಲ ಬೆಂಚಿನ ಪುಟ್ಟ ಹುಡುಗಿಯೊಬ್ಬಳು "ಅವರು ನಿಂಬೆಗೆ—" ಎಂದು ಶುರು ಮಾಡಿದಳು. ಸೆಫೆರಿನಾ ಬಾಗಿಲಲ್ಲಿ ನಿಂತು ಅಷ್ಟು ಜೋರಾಗಿ ಗಂಟೆ ಹೊಡೆದಳೆಂದರೆ ಹೊರಗೆ ಕಟ್ಟಿದ್ದ ಕುದುರೆ ಹಗ್ಗ ಹರಿದುಕೊಂಡಿತು. ಮಿರ್ತಾ ಮುಖ ತಿರುಗಿಸದೆ ಸಹಿ ಹಾಕಿದಳು.

ಆ ಭಾನುವಾರ ಊರು ಹಬ್ಬ ಮಾಡಿತು. ಲಾಟರಿಯ ಮುದಿ ಕೋಳಿಗೆ ಕೊನೆಗೂ ಮುಕ್ತಿ ಸಿಕ್ಕಿತು, ಯಾರೋ ಒಂದು ಆಡಿನ ಮರಿ ತಂದರು, ದೋನ್ ಉಬಾಲ್ದೊ ಡೊಳ್ಳು ಬಾರಿಸಿದ. ಚಕರೇರ ಕುಣಿತಕ್ಕೆ ಇರ್ಮಾಳನ್ನು ಎಳೆದು ತಂದರು. ಅವಳು ಕರವಸ್ತ್ರ ಬೀಸಿ ಎರಡು ಸುತ್ತು ಕುಣಿದಳು. ಸಂತೋಷವಾಗಿತ್ತು, ಅದನ್ನು ಸುಳ್ಳೆನ್ನಲಾಗದು. ಹನ್ನೊಂದು ಶಾಲೆ ಮುಚ್ಚಿದ ಜಿಲ್ಲೆಯಲ್ಲಿ ತನ್ನದು ನಿಂತಿತ್ತು.

"ನಮ್ಮ ಸೆನ್ಯೊ ಮಿನಿಸ್ಟರ್ ಆಗ್ಬೇಕಿತ್ತು," ಎಂದ ಉಬಾಲ್ದೊ.

"ಮಿನಿಸ್ಟರ್ ಆದ್ರೆ ಸುಳ್ಳು ಹೇಳ್ಬೇಕಾಗುತ್ತೆ ಕಣಯ್ಯ," ಎಂದಳು ಅವನ ಹೆಂಡತಿ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇರ್ಮಾ ಕೂಡ ನಕ್ಕಳು.

ಹಬ್ಬಕ್ಕೂ ಮೊದಲೇ, ಮೇ ಎರಡಕ್ಕೆ, ಅವಳು ಮೂರು ಚೀಟಿ ಬರೆದಿಟ್ಟಿದ್ದಳು. ಹತ್ತಕ್ಕೆ ಉಳಿದ ಮನೆಗಳವರು ತಮ್ಮ ಮಕ್ಕಳ ಚೀಟಿಗಳನ್ನು ತೆಗೆದುಕೊಂಡು ಹೊರಟರು, ಅವರಿಗೇನೂ ತೊಂದರೆಯಿರಲಿಲ್ಲ. ದೆಲ್ಫಿನಾಳ ಮೂರನ್ನು ಇರ್ಮಾ ಲಕೋಟೆಗೆ ಹಾಕಿ ಓಲ್ಗಾಳ ಕೈಗೆ ಕೊಟ್ಟಳು. "ಹೋದ ಕೂಡ್ಲೇ ಕೊಡ್ಬೇಕು. ಮರೀಬೇಡ."

"ಮರೆಯೋದೇನು ಸೆನ್ಯೊ, ಎದೇಲಿ ಇಟ್ಕೊಂಡಿದೀನಿ," ಎಂದು ಓಲ್ಗಾ ಲಕೋಟೆಯನ್ನು ಕುಪ್ಪಸದೊಳಗೆ ತುರುಕಿಕೊಂಡಳು.

ಚಳಿಗಾಲ ಬಂತು. ಊಟದ ದುಡ್ಡು ಜೂನಿನಲ್ಲಿ ಬರಬೇಕಾದದ್ದು ಆಗಸ್ಟಿನಲ್ಲಿ ಬಂತು. ಸೆಫೆರಿನಾ ಅಷ್ಟು ದಿನ ಬರೀ ಕುಂಬಳಕಾಯಿ, ಜೋಳದ ನುಚ್ಚಿನಲ್ಲಿ ಸಂಭಾಳಿಸಿದಳು. ಉಳಿದ ಐದು ಮಕ್ಕಳ ಜೊತೆಗೆ ಊಟದ ಹೊತ್ತಿಗೆ ಅವರ ಅಜ್ಜಿ ತಾತಂದಿರೂ ಬಂದು ಜಗಲಿಯಲ್ಲಿ ಕೂರತೊಡಗಿದರು. ಏನೂ ಕೇಳುತ್ತಿರಲಿಲ್ಲ. ಸೆಫೆರಿನಾ ಅವರಿಗೂ ಒಂದೊಂದು ಸೌಟು ಬಡಿಸಿ, ಸಾರಿಗೆ ನೀರು ಬೆರೆಸುತ್ತಿದ್ದಳು. ಇರ್ಮಾ ಅದನ್ನು ಕಂಡೂ ಕಾಣದಂತೆ ಇದ್ದಳು. ಯಾನಿನಾಳ ಬಗ್ಗೆ ಅವಳಿಗೆ ಚಿಂತೆಯಿರಲಿಲ್ಲ. ಹುಡುಗಿ ಅಲ್ಲಿನ ಶಾಲೆಯಲ್ಲಿ ಭಿನ್ನರಾಶಿ ಬಿಡಿಸುತ್ತಿರುತ್ತಾಳೆ ಎಂದುಕೊಂಡು, ನವೆಂಬರಿನ ಪರೀಕ್ಷೆಗೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಕೂಡಿಸಿಟ್ಟಿದ್ದಳು.

ಸೆಪ್ಟೆಂಬರ್ ಕೊನೆಗೆ ಓಲ್ಗಾ ಮೊದಲು ಮರಳಿದಳು. ಬಂದ ಸಂಜೆಯೇ ಶಾಲೆಗೆ ಬಂದು, ನಾಲಿಗೆ ಕಚ್ಚಿಕೊಂಡು, ಅದೇ ಲಕೋಟೆಯನ್ನು ಮೇಜಿನ ಮೇಲಿಟ್ಟಳು. ಬೆವರಿಗೆ ಅದರ ಶಾಯಿ ಕದಡಿತ್ತು.

"ಬೈಬೇಡಿ ಸೆನ್ಯೊ. ನಾವು ಹೋಗೋ ಹೊತ್ತಿಗೆ ಮೇಸ್ತ್ರಿ ಅವರನ್ನ ಬೇರೆ ತೋಟಕ್ಕೆ ಸಾಗಿಸಿಬಿಟ್ಟಿದ್ದ. ಬೆಟ್ಟದ ಆಚೆ. ಯಾವ ತೋಟ ಅಂತ ಅವನೂ ಸರಿಯಾಗಿ ಹೇಳಲ್ಲ. ಇವತ್ತು ಸಿಗ್ತಾರೆ ನಾಳೆ ಸಿಗ್ತಾರೆ ಅಂತ ಇಟ್ಕೊಂಡೇ ಇದ್ದೆ."

ಮೇಸ್ತ್ರಿಗಳು ಜನರನ್ನು ತೋಟದಿಂದ ತೋಟಕ್ಕೆ ಸಾಗಿಸುತ್ತಾರೆ ಎನ್ನುವುದು ಇರ್ಮಾಗೆ ಗೊತ್ತಿರದ ವಿಷಯವಲ್ಲ. ಇಪ್ಪತ್ತೆರಡು ವರ್ಷದಿಂದ ಗೊತ್ತಿತ್ತು. ಅದಕ್ಕಾಗಿಯೇ ತಾನು ಚೀಟಿ ಕೈಯಲ್ಲಿರಬೇಕು ಎಂದು ಸಾಲು ಬರೆಸಿದ್ದು. ಓಲ್ಗಾಳನ್ನು ಬೈಯಲು ಅವಳಿಗೆ ಬಾಯಿ ಬರಲಿಲ್ಲ. ಯಾರನ್ನು ಬೈಯಬೇಕೋ ಅವಳು ಮೇಜಿನ ಈ ಬದಿಯಲ್ಲಿ ಕೂತಿದ್ದಳು.

ದೆಲ್ಫಿನಾಳ ಮನೆಯವರು ಬಂದದ್ದು ಅಕ್ಟೋಬರ್ ಎರಡನೆಯ ವಾರ. ಸೋಮವಾರ ಬೆಳಿಗ್ಗೆ ಬಾವುಟ ಏರಿಸುವ ಹೊತ್ತಿಗೆ ಯಾನಿನಾ ತಮ್ಮಂದಿರನ್ನು ಕರೆದುಕೊಂಡು ಬೇಲಿಯ ಬಳಿ ನಿಂತಳು. ಹುಡುಗರಿಬ್ಬರೂ ಬಿಳಿ ಕೋಟು ಹಾಕಿಕೊಂಡು ಒಳಗೆ ಓಡಿದರು. ಅವಳು ಗೇಟಿನಾಚೆಯೇ ಉಳಿದಳು. ಅಪ್ಪನ ಹಳೆಯ ಜಾಕೆಟ್ಟು ತೊಟ್ಟಿದ್ದಳು. ಆರು ತಿಂಗಳಲ್ಲಿ ಹುಡುಗಿ ಹೆಂಗಸಿನ ಹಾಗೆ ನಿಲ್ಲುವುದನ್ನು ಕಲಿತಿದ್ದಳು, ಒಂದು ಕಾಲಿಗೆ ಭಾರ ಬಿಟ್ಟು, ಕೈ ಕಟ್ಟಿಕೊಂಡು.

ಇರ್ಮಾ ಮಕ್ಕಳನ್ನು ಸೆಫೆರಿನಾಳಿಗೆ ಒಪ್ಪಿಸಿ ಗೇಟಿಗೆ ಬಂದಳು.

"ಒಳಗೆ ಬಾರೇ."

"ಇಲ್ಲ ಸೆನ್ಯೊ, ಇವರನ್ನ ಬಿಟ್ಟು ಹೋಗೋಣ ಅಂತ ಬಂದೆ. ಅಪ್ಪ ಕಾಯ್ತಾ ಇದಾರೆ. ಈರುಳ್ಳಿ ಕೀಳೋಕೆ ಹೋಗ್ತಿದೀವಿ, ಕೊಲೋನಿಯಾ ಕಡೆ."

"ನೀನಾ?"

"ಹೂಂ. ನನಗೆ ಪೂರ್ತಿ ಆಳಿನ ಲೆಕ್ಕಾನೇ ಕೊಡ್ತಾರಂತೆ," ಎಂದಳು ಯಾನಿನಾ. ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

"ಅಲ್ಲಿ ಶಾಲೆಗೆ ಹೋಗ್ಲಿಲ್ವಾ ನೀನು?"

"ಹೋದ ಮಾರನೇ ದಿನಾನೇ ಹೋದ್ವಿ. ಚೀಟಿ ಎಲ್ಲಿ ಅಂದ್ರು. ನಮ್ಮ ಸೆನ್ಯೊ ಕಳಿಸ್ತಾರೆ ಅಂದೆ. ಸರಿ, ಬರೋವರೆಗೂ ಹಿಂದೆ ಕೂತ್ಕೊಂಡು ಕೇಳಿಸ್ಕೊಳ್ಳಿ ಅಂದ್ರು. ಒಳ್ಳೆಯವರೇ ಪಾಪ. ಊಟದ ಹೊತ್ತಿಗೆ ಮಾತ್ರ ನಾವು ಹೊರಗೆ ಹೋಗ್ಬೇಕಿತ್ತು. ಅವರಿಗೂ ಎಣಿಕೆ ಇದೆಯಂತೆ ಸೆನ್ಯೊ. ಪುಸ್ತಕದಲ್ಲಿ ಹೆಸರಿಲ್ದೆ ತಟ್ಟೆ ಕೊಡೋ ಹಾಗಿಲ್ವಂತೆ."

"ಎಷ್ಟು ದಿನ ಹಾಗೆ?"

"ಹನ್ನೆರಡು ದಿನ ಅಂದಿದ್ರಲ್ಲ ನೀವು, ನಾನು ಗೋಡೆ ಮೇಲೆ ಗೀಟು ಹಾಕ್ತಿದ್ದೆ. ಹತ್ತು ಗೀಟು ಆಗಿತ್ತು. ಅಷ್ಟರಲ್ಲಿ ನಮ್ಮನ್ನ ಬೆಟ್ಟದ ಆಚೆ ತೋಟಕ್ಕೆ ಕಳಿಸಿದ್ರು. ಅಲ್ಲೂ ಚೀಟಿ ಕೇಳಿದ್ರು. ಹದಿನೈದು ದಿನ ಆಯ್ತು, ಇಪ್ಪತ್ತಾಯ್ತು. ತಿತೊ ಊಟದ ಹೊತ್ತಲ್ಲಿ ಕಿಟಕೀಲಿ ನಿಂತ್ಕೊಂಡು ನೋಡ್ತಿದ್ದ, ನನಗೆ ನಾಚಿಕೆ ಆಗ್ತಿತ್ತು. ಅದಕ್ಕೆ ನಾನು ತೋಟಕ್ಕಿಳಿದೆ. ಇವರಿಗೆ ಬ್ರೆಡ್ಡು, ಸಾಸೇಜು ಕಟ್ಟಿ ಕೊಡ್ತಿದ್ದೆ. ಇವರು ಕೂತ್ಕೊಂಡು ಕೇಳಿಸ್ಕೊಂಡ್ರು, ಎಲ್ವಿಯೊ ಗುಣಾಕಾರ ಕಲ್ತಿದಾನೆ."

ಹೇಳುವಾಗ ಅವಳ ದನಿಯಲ್ಲಿ ದೂರು ಇರಲಿಲ್ಲ. ಹಾಜರಿ ಒಪ್ಪಿಸುವ ಹಾಗೆ ಹೇಳಿದಳು. ಇರ್ಮಾ ಅವಳ ಕೈ ಹಿಡಿದುಕೊಂಡಳು. ನಿಂಬೆ ಗಿಡದ ಮುಳ್ಳು ಗೀರಿದ ಗುರುತುಗಳು ಬೆರಳಿನಿಂದ ಮೊಣಕೈ ತನಕ, ಹಳೆಯವು ಬಿಳಿ, ಹೊಸವು ಕಪ್ಪು. ಹೆಬ್ಬೆರಳಿನ ಬುಡದಲ್ಲಿ ಕತ್ತರಿ ಒತ್ತಿ ಗಟ್ಟಿಯಾದ ಜಡ್ಡು.

"ತಪ್ಪು ನಂದು ಕಣೇ," ಎಂದಳು ಇರ್ಮಾ. "ನಿಮ್ಮಮ್ಮಂದಲ್ಲ, ಓಲ್ಗಾದಲ್ಲ. ನಂದು."

ಯಾನಿನಾಗೆ ಮುಜುಗರವಾಯಿತು. ದೊಡ್ಡವರು ಹೀಗೆ ಮಾತಾಡಿದರೆ ಏನು ಹೇಳಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. "ಅಯ್ಯೋ ಬಿಡಿ ಸೆನ್ಯೊ," ಎಂದಳು.

"ನವೆಂಬರಲ್ಲಿ ಪರೀಕ್ಷೆ ಇದೆ. ಇನ್ನೂ ಐದು ವಾರ ಇದೆ. ನಾನೇ ಕೂತು ಹೇಳ್ಕೊಡ್ತೀನಿ, ಬೆಳಿಗ್ಗೆ, ಮಧ್ಯಾಹ್ನ, ಭಾನುವಾರಾನೂ. ಪ್ರಶ್ನೆಪತ್ರಿಕೆ ಎಲ್ಲ ಕೂಡಿಸಿ ಇಟ್ಟಿದೀನಿ. ನಿಮ್ಮಪ್ಪನ ಹತ್ರ ನಾನು ಮಾತಾಡ್ತೀನಿ."

"ಭಿನ್ನರಾಶಿ ಎಲ್ಲ ಮರೆತುಹೋಗಿದೆ ಸೆನ್ಯೊ."

"ವಾರದಲ್ಲಿ ನೆನಪಾಗುತ್ತೆ."

ಯಾನಿನಾ ತಲೆಯಾಡಿಸಿದಳು. ಇಲ್ಲ ಎಂಬಂತೆ ಅಲ್ಲ, ಮಗುವನ್ನು ಸಮಾಧಾನಪಡಿಸುವಂತೆ. "ಅಪ್ಪಂಗೆ ಈ ಸಲ ಅರ್ಧಕ್ಕರ್ಧ ತುಕುಮಾನಿನ ಬಾಂಡಲ್ಲೇ ಕೊಟ್ರು. ಇಲ್ಲಿ ಅಂಗಡಿಯೋನು ಆ ಬಾಂಡು ತಗೊಳಲ್ಲ. ನಾನೂ ಹೋದ್ರೆ ಇವರಿಬ್ರಿಗೆ ಬೂಟು ಆಗುತ್ತೆ."

ಒಳಗೆ ಮಕ್ಕಳು ಗಲಾಟೆ ಎಬ್ಬಿಸಿದ್ದರು. ಸೆಫೆರಿನಾ ಅವರನ್ನು ಹಾಡು ಹೇಳಿಸಿ ಕೂರಿಸಲು ನೋಡುತ್ತಿದ್ದಳು, ಅವಳಿಗೇ ಹಾಡು ಪೂರ್ತಿ ಬರುತ್ತಿರಲಿಲ್ಲ. ರಸ್ತೆಯ ತುದಿಯಲ್ಲಿ ರುಫಿನೊ ಗಾಡಿಗೆ ಕುದುರೆ ಕಟ್ಟಿ ನಿಂತಿದ್ದ. ಯಾನಿನಾ ಹೊರಡಲು ತಿರುಗಿದವಳು ಮತ್ತೆ ನಿಂತಳು.

"ಸೆನ್ಯೊ, ನವೆಂಬರಲ್ಲಿ ಇನ್ನೊಂದು ಎಣಿಕೆ ಇದೆ ಅಲ್ವಾ? ಅಮ್ಮ ಹೇಳ್ತಿದ್ರು."

"ಇದೆ."

"ನನ್ನ ಹೆಸರು ಇನ್ನೂ ಪುಸ್ತಕದಲ್ಲಿದೆಯಾ?"

"ಇದೆ. ಚೀಟಿ ಎಲ್ಲೂ ಹೋಗ್ಲಿಲ್ಲವಲ್ಲ."

"ಹಂಗಾದ್ರೆ ಹೊಡೆದು ಹಾಕ್ಬೇಡಿ. ಅಲ್ಲೇ ಇರ್ಲಿ," ಎಂದಳು ಯಾನಿನಾ. "ತಮ್ಮಂದಿರಿಗೆ ಶಾಲೆ ಬೇಕಲ್ಲ."

ಬೇಡ, ಹೆಸರು ಬೇಡ, ನೀನು ಬಾ ಎನ್ನಬೇಕಿತ್ತು. ಇರ್ಮಾ ಬಾಯಿ ತೆರೆದಳು. ಇವತ್ತಿಗೆ ಎಲ್ಲ ಹಕ್ಕಿಗಳೂ ಬಂದು ಸೇರಿದ್ದವು, ಓಲ್ಗಾಳದೂ ಉಳಿದ ಮನೆಗಳದೂ ಸೇರಿ ಏಳು ಮಕ್ಕಳು, ಎಲ್ವಿಯೊ, ತಿತೊ, ಚಳಿಗಾಲಕ್ಕೆ ಇಲ್ಲೇ ಉಳಿದ ಐವರು. ಇವಳೊಬ್ಬಳನ್ನು ಬಿಟ್ಟರೆ ಹದಿನಾಲ್ಕು. ತಾನು ಬೇಡವೆಂದರೂ ಇರ್ಮಾಳ ತಲೆ ಆಗಲೇ ಕೂಡಿ ಮುಗಿಸಿತ್ತು.

"ಆಯ್ತಮ್ಮ," ಎಂದಳು.

ಯಾನಿನಾ ಗೇಟಿನ ಮೇಲಿನಿಂದ ಬಾಗಿ ಅವಳ ಕೆನ್ನೆಗೆ ಮುತ್ತು ಕೊಟ್ಟು, ಅಪ್ಪನ ಗಾಡಿಯ ಕಡೆಗೆ ಓಡಿದಳು. ಇರ್ಮಾ ಒಳಗೆ ಹೋಗಿ ಹಾಜರಿ ಕೂಗತೊಡಗಿದಳು. ಹದಿನೈದನೆಯ ಹೆಸರು ಬಂದಾಗ ಅವಳು ಅದನ್ನು ಕೂಗಲಿಲ್ಲ. ಮಕ್ಕಳು ತಲೆಯೆತ್ತಿ ನೋಡುತ್ತಿದ್ದರು. ಅವರ ಎದುರಿಗೇ ಅವಳು ಆ ಹೆಸರಿನ ಮುಂದೆ ಹಾಜರು ಎಂದು ಬರೆದಳು.